ಇಂಗ್ಲಿಷಿಗೆ ಸ್ಪ್ಯಾನಿಷ್‌ನಿಂದ ಬಂದ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದಾದರೂ ಮನೆಯ ಕಿರಾಣಿ ಚೀಟಿ ನೋಡಿ. ಟೊಮೆಟೊ ಒಂದು ಕೆಜಿ, ಮಾಸ್ಕಿಟೊ ಕಾಯಿಲ್ ಒಂದು ಪ್ಯಾಕೆಟ್, ಮಗುವಿಗೆ ಚಾಕೊಲೇಟ್, ಕೇಕಿಗೆ ವೆನಿಲಾ ಎಸೆನ್ಸ್ ಒಂದು ಶೀಶೆ. ಇಂಗ್ಲಿಷ್ ಪದ ಎಂದುಕೊಂಡೇ ಬರೆಯುತ್ತೇವೆ. ಈ ನಾಲ್ಕೂ ಇಂಗ್ಲಿಷಿಗೆ ಬಂದದ್ದು ಸ್ಪ್ಯಾನಿಷ್ ಮೂಲಕ. ಅದರಲ್ಲಿ ಎರಡು, ಟೊಮೆಟೊ ಮತ್ತು ಚಾಕೊಲೇಟ್, ಸ್ಪ್ಯಾನಿಷರ ಸ್ವಂತದ್ದೂ ಅಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ವರ್ಷಗಟ್ಟಲೆ ಇಂಗ್ಲಿಷ್ ಹೇಳಿಕೊಟ್ಟಿದ್ದೇನೆ. ತರಗತಿಯಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸ್ಪ್ಯಾನಿಷ್ ರೂಪಗಳನ್ನು ‘ಟ, ಡ’ ಬಿಟ್ಟು ‘ತ, ದ’ ಹಾಕಿ ಬರೆದಿರುವುದಕ್ಕೆ ಕಾರಣ ಕೊನೆಯ ಹೊತ್ತಿಗೆ ಸಿಗುತ್ತದೆ.

ಈ ಪದಗಳು ಇಂಗ್ಲಿಷಿಗೆ ಬಂದದ್ದು ಯಾವ ದಾರಿಯಲ್ಲಿ?

ಮುಖ್ಯವಾಗಿ ಮೂರು ದಾರಿ. ಮೊದಲನೆಯದು ಸಮುದ್ರ. 16ನೇ ಶತಮಾನದಲ್ಲಿ ಇಂಗ್ಲೆಂಡ್ ಮತ್ತು ಸ್ಪೇನ್ ಹಾವು ಮುಂಗುಸಿಯಂತಿದ್ದವು. 1588ರಲ್ಲಿ ಇಂಗ್ಲೆಂಡಿನ ಮೇಲೆ ಏರಿ ಬಂದ ಸ್ಪೇನಿನ ನೌಕಾಪಡೆ ಸೋತು ಹಿಂದಿರುಗಿತು, ಅದರ ಹೆಸರು ‘ಅರ್ಮಾದ’ ಮಾತ್ರ ಇಂಗ್ಲಿಷಿನಲ್ಲಿ ನೆಲೆ ನಿಂತಿತು. ಕಾರ್ಗೊ, ಎಂಬಾರ್ಗೊ (ವ್ಯಾಪಾರ ನಿಷೇಧ), ಫ್ಲೊಟಿಲ್ಲಾ ಕೂಡ ಹಡಗು, ಸರಕು, ಕಾದಾಟಗಳ ಲೋಕದ ಪದಗಳೇ.

ಎರಡನೆಯದು ಅಮೆರಿಕ ಖಂಡ. 1492ರ ಅಕ್ಟೋಬರ್ 12ರಂದು ಕೊಲಂಬಸ್ ಕೆರಿಬಿಯನ್ ದ್ವೀಪವೊಂದಕ್ಕೆ ಕಾಲಿಟ್ಟ ಮೇಲೆ ಯುರೋಪ್ ಕಂಡರಿಯದ ಹಣ್ಣು, ಗೆಡ್ಡೆ, ಪ್ರಾಣಿ, ಬಿರುಗಾಳಿಗಳಿಗೆ ಹೆಸರು ಬೇಕಾಯಿತು. ಅಲ್ಲಿನ ಜನರ ಹೆಸರುಗಳನ್ನೇ ಸ್ಪ್ಯಾನಿಷರು ಎತ್ತಿಕೊಂಡರು, ಅವರಿಂದ ಇಂಗ್ಲಿಷರು.

ಮೂರನೆಯದು ನೆಲದ ಗಡಿ. 1846ರಿಂದ 1848ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನ ಮೆಕ್ಸಿಕೊದ ಮೇಲೆ ಯುದ್ಧ ಮಾಡಿ ಕ್ಯಾಲಿಫೋರ್ನಿಯಾ, ನೆವಾಡಾ ಸೇರಿದಂತೆ ಭಾರೀ ಪ್ರದೇಶವನ್ನು ಕಿತ್ತುಕೊಂಡಿತು. ನೆಲದ ಜೊತೆ ದನ ಕಾಯುವವರ ಮಾತೂ ಬಂತು.

‘ಹಾಸ್ಪಿಟಲ್’, ‘ಅನಿಮಲ್’, ‘ಆ್ಯಕ್ಟರ್’ ಎರಡು ಭಾಷೆಯಲ್ಲೂ ಒಂದೇ ಥರ ಬರೆಯುತ್ತಾರಲ್ಲ, ಅವೂ ಎರವಲೇ?

ಇಂಗ್ಲಿಷ್ ಸ್ಪ್ಯಾನಿಷ್‌ನಿಂದ ಪಡೆದವಲ್ಲ. ಎರಡಕ್ಕೂ ಲ್ಯಾಟಿನ್ ಮೂಲದಿಂದ ಬೇರೆ ಬೇರೆಯಾಗಿ ಸಿಕ್ಕವು. ‘ಪುಸ್ತಕ’ ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ಹಾಗಂತ ಕನ್ನಡಿಗರು ತೆಲುಗರಿಂದ ಸಾಲ ತಂದರು ಎನ್ನುತ್ತೇವೆಯೇ? ಇಬ್ಬರಿಗೂ ಸಂಸ್ಕೃತದಿಂದ ಬಂತು.

ಮಾಸ್ಕಿಟೊ ನಿಜಕ್ಕೂ ಸ್ಪ್ಯಾನಿಷ್ ಪದವೇ?

ಹೌದು. ‘ಮೋಸ್ಕ’ ಅಂದರೆ ನೊಣ. ಅದಕ್ಕೆ ‘ಇತೊ’ ಸೇರಿಸಿದರೆ ‘ಮೊಸ್ಕೀತೊ’, ಪುಟ್ಟ ನೊಣ. ನಮ್ಮಲ್ಲೂ ಕರಾವಳಿಯ ಕಡೆ ಸೊಳ್ಳೆಗೆ ನುಸಿ ಎನ್ನುತ್ತಾರೆ, ಕಣ್ಣಿಗೆ ಮುತ್ತುವ ಸಣ್ಣ ನೊಣಕ್ಕೂ ಅದೇ ಹೆಸರು. ಎರಡು ಜನ ಎರಡು ಖಂಡದಲ್ಲಿ ಒಂದೇ ಥರ ಯೋಚಿಸಿದ್ದಾರೆ.

ಈ ‘ಇತೊ’, ‘ಇಯೊ’, ‘ಇಯ’ ಪ್ರತ್ಯಯಗಳನ್ನು ಗುರುತಿಸಲು ಕಲಿತರೆ ಅನೇಕ ಇಂಗ್ಲಿಷ್ ಪದಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಎಲ್ಲವೂ ‘ಚಿಕ್ಕದು’ ಎಂಬ ಅರ್ಥದವು. ‘ಅರ್ಮಾದೊ’ ಎಂದರೆ ಕವಚ ತೊಟ್ಟವನು. ಆರ್ಮಡಿಲೊ ಎಂಬ ಪ್ರಾಣಿ ಕವಚ ತೊಟ್ಟ ಪುಟ್ಟಣ್ಣ. ‘ಫ್ಲೋತ’ ಹಡಗುಪಡೆ, ಫ್ಲೊಟಿಲ್ಲಾ ಸಣ್ಣ ಹಡಗುಪಡೆ. ಪ್ಲಾಟಿನಂ ಕೂಡ ಇದೇ ಬಗೆ: ‘ಪ್ಲಾತ’ ಎಂದರೆ ಬೆಳ್ಳಿ, ‘ಪ್ಲತೀನ’ ಎಂದರೆ ಚಿಲ್ಲರೆ ಬೆಳ್ಳಿ. ದಕ್ಷಿಣ ಅಮೆರಿಕದ ನದಿಗಳಲ್ಲಿ ಚಿನ್ನದ ಜೊತೆ ಸಿಕ್ಕಿ ಕಿರಿಕಿರಿ ಮಾಡುತ್ತಿದ್ದ ಲೋಹಕ್ಕೆ ಕೊಟ್ಟ ತಾತ್ಸಾರದ ಹೆಸರು ಅದು.

ಸರಿಯಾದದ್ದು ಗೊರಿಲ್ಲಾ ಯುದ್ಧವೋ ಗೆರಿಲ್ಲಾ ಯುದ್ಧವೋ?

ಗೆರಿಲ್ಲಾ. ಇದನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಅಚ್ಚಾದ ಪುಸ್ತಕಗಳಲ್ಲೂ ‘ಗೊರಿಲ್ಲಾ ಯುದ್ಧ’ ಎಂದು ನೋಡಿದ್ದೇನೆ. ಗೊರಿಲ್ಲಾ ಎಂಬ ವಾನರದ ಹೆಸರು ಗ್ರೀಕ್ ಬರಹದ ಮೂಲಕ ಬಂದದ್ದು, ಅದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಸ್ಪ್ಯಾನಿಷ್‌ನಲ್ಲಿ ‘ಗೆರ್ರ’ ಎಂದರೆ ಯುದ್ಧ, ‘ಗೆರ್ರೀಯ’ ಎಂದರೆ ಸಣ್ಣ ಯುದ್ಧ. 1808ರಿಂದ 1814ರವರೆಗೆ ನೆಪೋಲಿಯನ್ನನ ಪಡೆಗಳು ಸ್ಪೇನಿನಲ್ಲಿದ್ದಾಗ ಅಲ್ಲಿನ ರೈತರು, ಪಾದ್ರಿಗಳು, ಕಳ್ಳಸಾಗಣೆಯವರು ಗುಂಪು ಕಟ್ಟಿಕೊಂಡು ಮರೆಯಿಂದ ಎರಗಿ ಮರೆಗೇ ಸರಿಯುತ್ತಿದ್ದರು. ಅವರ ಜೊತೆಗೂಡಿ ಹೋರಾಡಿದ ಇಂಗ್ಲಿಷ್ ಸೈನ್ಯ ಆ ಪದವನ್ನು ಮನೆಗೆ ಒಯ್ದಿತು.

ಇಂಗ್ಲಿಷಿನಲ್ಲಿ ಅದು ಹೋರಾಟಗಾರನ ಹೆಸರೂ ಆಯಿತು. ಸ್ಪ್ಯಾನಿಷ್‌ನಲ್ಲಿ ಹೋರಾಟಗಾರ ‘ಗೆರ್ರಿಯೇರೊ’. ನಾವು ‘ಗೆರಿಲ್ಲಾ ಯುದ್ಧ’ ಎಂದಾಗ ‘ಸಣ್ಣ ಯುದ್ಧ ಯುದ್ಧ’ ಎಂದಂತಾಯಿತು. ‘ನಡುಮಧ್ಯೆ’ ಎಂದು ಆರಾಮವಾಗಿ ಹೇಳುವ ನಮಗೆ ಇದು ದೊಡ್ಡ ತಪ್ಪೇನಲ್ಲ.

ಅಲಿಗೇಟರ್ ಹೇಗೆ ಸ್ಪ್ಯಾನಿಷ್ ಆಯಿತು?

ಸ್ಪ್ಯಾನಿಷರು ಅಮೆರಿಕದ ಮೊಸಳೆಯನ್ನು ‘ಎಲ್ ಲಗಾರ್ತೊ’ ಎಂದರು. ‘ಎಲ್’ ಎಂದರೆ ಇಂಗ್ಲಿಷಿನ ‘ದಿ’ ಇದ್ದ ಹಾಗೆ, ‘ಲಗಾರ್ತೊ’ ಎಂದರೆ ಹಲ್ಲಿ. ಕೇಳಿಸಿಕೊಂಡ ಇಂಗ್ಲಿಷ್ ನಾವಿಕರು ಎರಡನ್ನೂ ಒಂದೇ ಉಸಿರಿನ ಪದವೆಂದು ಬಗೆದರು. ಹೀಗಾಗಿ ಇಂದು ಇಂಗ್ಲಿಷಿನಲ್ಲಿ ‘ದಿ ಅಲಿಗೇಟರ್’ ಎಂದರೆ ಒಳಗೆ ಎರಡು ‘ದಿ’ ಕೂತಿವೆ. ಹಗ್ಗದ ಕುಣಿಕೆಗೆ ಹೇಳುವ ‘ಲ್ಯಾರಿಯಟ್’ ಕೂಡ ಹೀಗೇ ಅಂಟಿಕೊಂಡದ್ದು: ‘ಲಾ ರೆಯಾತ’, ಆ ಹಗ್ಗ.

ಕಿವಿಗೆ ಬಿದ್ದದ್ದನ್ನು ತಮಗೆ ಗೊತ್ತಿದ್ದ ಪದಕ್ಕೆ ಎಳೆದುಕೊಳ್ಳುವುದು ಎಲ್ಲ ಜನರ ಸ್ವಭಾವ. ‘ಕುಕರಾಚ’ ಎಂಬ ಜಿರಲೆಯ ಹೆಸರನ್ನು ಕ್ಯಾಪ್ಟನ್ ಜಾನ್ ಸ್ಮಿತ್ 1624ರಲ್ಲಿ ಬರೆದಾಗ ಅದಿನ್ನೂ ಸ್ಪ್ಯಾನಿಷ್‌ಗೆ ಹತ್ತಿರವಿತ್ತು. ಆಮೇಲೆ ಇಂಗ್ಲಿಷರ ಬಾಯಲ್ಲಿ ಅದು ‘ಕಾಕ್’ ಎಂಬ ಹುಂಜ ಮತ್ತು ‘ರೋಚ್’ ಎಂಬ ಮೀನು ಸೇರಿ ‘ಕಾಕ್ರೋಚ್’ ಆಯಿತು. ಜಿರಲೆಯಲ್ಲಿ ಹುಂಜವೂ ಇಲ್ಲ, ಮೀನೂ ಇಲ್ಲ.

‘ಸ್ಪ್ಯಾನಿಷರ ಸ್ವಂತದ್ದಲ್ಲ’ ಎಂದಿರಲ್ಲ, ಹಾಗಾದರೆ ಯಾರದು?

ಈ ಪ್ರಶ್ನೆಗೆ ನಾನು ಉದ್ದುದ್ದ ಉತ್ತರ ಕೊಡುತ್ತೇನೆ. ನಿಘಂಟಿನಲ್ಲಿ ‘ಸ್ಪ್ಯಾನಿಷ್ ಮೂಲ’ ಎಂದು ಓದಿ ಪುಟ ಮುಚ್ಚಿದರೆ ನಿಜವಾಗಿ ಆ ಪದ ಕಟ್ಟಿದವರಿಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಕೊಲಂಬಸ್ ಮೊದಲು ಕಂಡದ್ದು ಕೆರಿಬಿಯನ್ ದ್ವೀಪಗಳ ತೈನೊ ಜನರನ್ನು. ಅವರು ಮರ ಕೊರೆದು ಮಾಡಿದ ದೋಣಿ ‘ಕನೋವ’. ಹಗ್ಗ ಹೆಣೆದು ಎರಡು ಕಂಬಗಳ ನಡುವೆ ತೂಗುಹಾಕುತ್ತಿದ್ದ ಜೋಲಿ ‘ಹಮಾಕ’. ಬೀಸಿ ಬರುವ ಸುಂಟರಗಾಳಿ ‘ಹುರಕಾನ್’. ಮುಸುಕಿನ ಜೋಳ ‘ಮಹೀಸ್’. ಇಂಗ್ಲಿಷಿನ ಕನೂ, ಹ್ಯಾಮಕ್, ಹರಿಕೇನ್, ಮೇಜ್ ಎಲ್ಲವೂ ಅವರ ಬಾಯಿಂದ ಬಂದವು. ‘ಕನೋವ’ ಎಷ್ಟು ಬೇಗ ಹರಡಿತೆಂದರೆ, ಆಂತೋನ್ಯೊ ದೆ ನೆಬ್ರಿಹ ಎಂಬ ವಿದ್ವಾಂಸ ಸುಮಾರು 1495ರಲ್ಲಿ ಹೊರತಂದ ಸ್ಪ್ಯಾನಿಷ್-ಲ್ಯಾಟಿನ್ ನಿಘಂಟಿನಲ್ಲೇ ಅದು ಸೇರಿತ್ತು. ಕೊಲಂಬಸ್ ಹೋಗಿ ಬಂದು ಎರಡು ಮೂರು ವರ್ಷವಷ್ಟೇ.

‘ಬಾರ್ಬೆಕ್ಯೂ’ ಕೂಡ ತೈನೊ ಪದ. ‘ಬರ್ಬಕೋವ’ ಎಂದರೆ ಸುಟ್ಟ ಮಾಂಸವಲ್ಲ, ಕೋಲುಗಳಿಂದ ಕಟ್ಟಿದ ಎತ್ತರದ ಚೌಕಟ್ಟು. ಅದರ ಮೇಲೆ ಮೀನು, ಮಾಂಸ ಹರವಿ ಕೆಳಗೆ ಹೊಗೆ ಹಾಕುತ್ತಿದ್ದರು. ಮಲೆನಾಡಿನ ಹಳೆಯ ಮನೆಗಳ ಒಲೆಯ ಮೇಲಿನ ಅಟ್ಟ ನೋಡಿದವರಿಗೆ ಚಿತ್ರ ಸಲೀಸಾಗಿ ಕಣ್ಣಿಗೆ ಕಟ್ಟುತ್ತದೆ. ಕೊಡಗು, ಚಿಕ್ಕಮಗಳೂರಿನ ಎಸ್ಟೇಟುಗಳ ಇಂಗ್ಲಿಷಿನಲ್ಲಿ ಕಾಫಿ ಒಣಗಿಸುವ ಕಣಕ್ಕೂ ಬಾರ್ಬೆಕ್ಯೂ ಎನ್ನುವ ರೂಢಿಯಿದೆ. ಹರವಿ ಒಣಗಿಸುವ ಜಾಗ ಎಂಬ ಹಳೆಯ ಅರ್ಥ ಅಲ್ಲಿ ಇನ್ನೂ ಉಸಿರಾಡುತ್ತಿದೆ.

ಆ ಪದಗಳನ್ನು ಕೊಟ್ಟವರ ಗತಿ ಏನಾಯಿತು? ಯುರೋಪಿನಿಂದ ಬಂದ ಸಿಡುಬು ಮೊದಲಾದ ರೋಗಗಳು, ಗಣಿಗಳಲ್ಲಿ ಬಲವಂತದ ದುಡಿಮೆ, ಕೊಲೆಗಳು ಕೆಲವೇ ದಶಕಗಳಲ್ಲಿ ತೈನೊ ಜನರನ್ನು ನುಂಗಿಹಾಕಿದವು. ಅವರ ರಕ್ತ ಹಂಚಿಕೊಂಡ ಕುಟುಂಬಗಳು ಪೋರ್ಟೊರಿಕೊ, ಕ್ಯೂಬಾಗಳಲ್ಲಿ ಇಂದಿಗೂ ಇವೆ. ಭಾಷೆ ಆಡುವವರಿಲ್ಲ. ಚಂಡಮಾರುತದ ಸುದ್ದಿ ಓದುವಾಗ ‘ಹರಿಕೇನ್’ ಎಂಬ ಮಾತು ಕೇಳಿದರೆ ನನಗೆ ಆ ಜನ ನೆನಪಾಗುತ್ತಾರೆ.

ಮೆಕ್ಸಿಕೊದ ನಾವಾತ್ಲ್ ಭಾಷೆಯ ಕಥೆ ಅಷ್ಟು ದಾರುಣವಲ್ಲ, ಅದನ್ನು ಇಂದಿಗೂ 15 ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. 1521ರಲ್ಲಿ ಸ್ಪ್ಯಾನಿಷರು ಕೆಡವಿದ ಆಸ್ಟೆಕ್ ಸಾಮ್ರಾಜ್ಯದ ಭಾಷೆ ಅದು. ‘ತೊಮತ್ಲ್’, ‘ಕೊಯೊತ್ಲ್’ (ತೋಳದಂಥ ಪ್ರಾಣಿ), ‘ಆವಕತ್ಲ್’ (ಬೆಣ್ಣೆಹಣ್ಣು) ಹೀಗೆ ಪದಗಳ ಕೊನೆಗೆ ‘ತ್ಲ್’ ಬರುವುದು ಅದರ ಗುರುತು. ಸ್ಪ್ಯಾನಿಷರ ನಾಲಿಗೆಗೆ ಅದು ಒಗ್ಗಲಿಲ್ಲ, ‘ತೆ’ ಎಂದು ಮುಗಿಸಿದರು: ತೊಮಾತೆ, ಕೊಯೋತೆ, ಅಗ್ವಕಾತೆ. ನಾವು ಬಸ್, ಕಾರ್, ಪೆನ್‌ಗಳಿಗೆ ‘ಉ’ ಹಚ್ಚಿ ಬಸ್ಸು, ಕಾರು, ಪೆನ್ನು ಮಾಡಿಕೊಂಡದ್ದೂ ಇದೇ ಕಸುಬು. ಇಂಗ್ಲಿಷರು ಮೊದಲು ‘ತೊಮಾತೆ’ಯನ್ನೇ ಬಳಸಿದರು, ಪೊಟ್ಯಾಟೊ ಜೊತೆಗೆ ಪ್ರಾಸ ಕೂಡಿಸಿ ಟೊಮೆಟೊ ಮಾಡಿದ್ದು ಆಮೇಲೆ. ನಮ್ಮ ಹಿರಿಯರು ‘ಚಪ್ಪರಬದನೆ’ ಎಂದು ಸ್ವಂತ ಹೆಸರು ಕೊಟ್ಟಿದ್ದರು. ಈಗ ಅದನ್ನು ಸಂತೆಯಲ್ಲಿ ಕೇಳುವುದೇ ಅಪರೂಪ.

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಕೆಚುವ ಭಾಷೆಯಿಂದ ಬಂದವು ಪ್ಯೂಮಾ, ಕಾಂಡೋರ್, ಲಾಮಾ ಎಂಬ ಪ್ರಾಣಿ-ಪಕ್ಷಿಗಳ ಹೆಸರುಗಳು, ಹಕ್ಕಿ ಹಿಕ್ಕೆಯ ಗೊಬ್ಬರಕ್ಕೆ ಹೇಳುವ ಗ್ವಾನೊ. ಇಂಗ್ಲಿಷಿನಲ್ಲಿ ಒಣಮಾಂಸಕ್ಕೆ ಹೇಳುವ ‘ಜರ್ಕಿ’ ಕೂಡ ಅಲ್ಲಿಯ ‘ಚರ್ಕಿ’. ಕ್ವಿನೈನ್ ಪದದ ಬೇರಿನಲ್ಲಿರುವುದು ಮರದ ತೊಗಟೆಗೆ ಕೆಚುವ ಜನ ಹೇಳುತ್ತಿದ್ದ ‘ಕೀನ’. 1820ರಲ್ಲಿ ಇಬ್ಬರು ಫ್ರೆಂಚ್ ರಸಾಯನಶಾಸ್ತ್ರಜ್ಞರು ತೊಗಟೆಯಿಂದ ಔಷಧವನ್ನು ಬೇರ್ಪಡಿಸಿದಾಗ ಆ ಹೆಸರನ್ನೇ ಉಳಿಸಿಕೊಂಡರು. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್, ಅದನ್ನು ಹರಡುವ ಮಾಸ್ಕಿಟೊ, ಎರಡೂ ಸ್ಪ್ಯಾನಿಷ್ ಮೂಲಕವೇ ಬಂದವು. ಆ ಸೊಳ್ಳೆಯ ಪಾತ್ರವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸಾಬೀತು ಮಾಡಿದ ರೊನಾಲ್ಡ್ ರಾಸ್, ಅದಕ್ಕೂ ಮೊದಲು 1883ರ ಸುಮಾರಿಗೆ ಬೆಂಗಳೂರಿನಲ್ಲಿ ಸೇನಾ ವೈದ್ಯನಾಗಿದ್ದ. ಬಂಗಲೆಯ ಕಿಟಕಿಯಾಚೆ ಇದ್ದ ನೀರಿನ ಪಾತ್ರೆಯಲ್ಲಿ ಸೊಳ್ಳೆ ಹುಟ್ಟುವುದನ್ನು ಕಂಡು ಅದನ್ನು ಬೋರಲು ಹಾಕಿಸಿದ, ಕಾಟ ಇಳಿಯಿತು. ನೀರು ನಿಲ್ಲಲು ಬಿಡಬೇಡಿ ಎಂದು ಆಶಾ ಕಾರ್ಯಕರ್ತೆಯರು ಇಂದು ಮನೆಮನೆಗೆ ಬಂದು ಹೇಳುವುದೂ ಅದನ್ನೇ.

ಮಂಗಳೂರಿನವರ ‘ಬಟಾಟೆ’ಗೂ ಪೊಟ್ಯಾಟೊಗೂ ನಂಟಿದೆಯೇ?

ಖಂಡಿತ ಇದೆ, ಒಂದೇ ತಾಯಿಯ ಮಕ್ಕಳು. ತೈನೊ ಭಾಷೆಯಲ್ಲಿ ‘ಬತಾತ’ ಎಂದರೆ ಗೆಣಸು. ಆಂಡಿಸ್‌ನ ಆಲೂಗಡ್ಡೆಗೆ ಕೆಚುವದಲ್ಲಿ ‘ಪಾಪ’. ಸ್ಪೇನಿನಲ್ಲಿ ಇವೆರಡೂ ಕಲಸಿಹೋಗಿ ‘ಪತಾತ’ ಹುಟ್ಟಿತು. ಇಂಗ್ಲಿಷಿನಲ್ಲೂ ‘ಪೊಟ್ಯಾಟೊ’ ಮೊದಮೊದಲು ಗೆಣಸಿನ ಹೆಸರಾಗಿತ್ತು, ಆಮೇಲೆ ಆಲೂಗಡ್ಡೆಗೆ ಜಾರಿತು. ‘ಬತಾತ’ವನ್ನು ಪೋರ್ಚುಗೀಸರು ಗೋವೆಗೆ ತಂದರು, ಅಲ್ಲಿಂದ ಕೊಂಕಣಿ, ಮರಾಠಿ, ಕರಾವಳಿ ಕನ್ನಡಕ್ಕೆ ಇಳಿಯಿತು. ಅಂದರೆ ಉಡುಪಿಯ ಅಡುಗೆಮನೆಯಲ್ಲಿ ‘ಬಟಾಟೆ ಪಲ್ಯ ಬಡಿಸು’ ಎನ್ನುವಾಗ ಬಾಯಿಗೆ ಬರುವುದು ಕೆರಿಬಿಯನ್ ದ್ವೀಪದ ಪದ. ಇಂಗ್ಲಿಷಿನ ಪೊಟ್ಯಾಟೊಗಿಂತ ನಮ್ಮ ಬಟಾಟೆಯೇ ಮೂಲಕ್ಕೆ ಹೆಚ್ಚು ನಿಷ್ಠವಾಗಿದೆ.

ಚಿಲ್ಲಿ ಎಂಬುದು ಚಿಲಿ ದೇಶದಿಂದ ಬಂದದ್ದಾ?

ಅಲ್ಲ. ಮೆಣಸಿನಕಾಯಿಗೆ ನಾವಾತ್ಲ್‌ನಲ್ಲಿ ‘ಚೀಲ್ಲಿ’, ಸ್ಪ್ಯಾನಿಷ್‌ನಲ್ಲಿ ‘ಚೀಲೆ’. ದೇಶದ ಹೆಸರಿನ ಬೇರು ಬೇರೆಯೇ.

ಇದರಲ್ಲಿ ನನಗೆ ಬಲು ಇಷ್ಟವಾದ ಸಂಗತಿಯೊಂದಿದೆ. ಕೊಲಂಬಸ್ ಹೊರಟದ್ದು ಕಾಳುಮೆಣಸಿನ ನಾಡನ್ನು, ಅಂದರೆ ನಮ್ಮ ಪಶ್ಚಿಮ ಕರಾವಳಿಯನ್ನು ಹುಡುಕಿಕೊಂಡು. ಸಿಕ್ಕಿದ್ದು ಮೆಣಸಿನಕಾಯಿ. ಸ್ಪ್ಯಾನಿಷ್‌ನಲ್ಲಿ ಕಾಳುಮೆಣಸಿಗೆ ‘ಪಿಮ್ಯೆಂತ’, ಅದನ್ನೇ ಕೊಂಚ ತಿರುಚಿ ಹೊಸ ಕಾಯಿಗೆ ‘ಪಿಮ್ಯೆಂತೊ’ ಎಂದರು. ಆ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂದಾಗ ನಾವೇನು ಮಾಡಿದೆವು? ‘ಮೆಣಸು’ ಎಂಬ ಹಳೆಯ ಪದಕ್ಕೆ ‘ಕಾಯಿ’ ಸೇರಿಸಿದೆವು. ಸ್ಪೇನಿನ ಸೆವಿಲ್ಲೆಯವರೂ ನಮ್ಮ ಬ್ಯಾಡಗಿಯವರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ.

ಬೆಣ್ಣೆಹಣ್ಣಿಗೆ ಅವಕಾಡೊ ಎಂಬ ಹೆಸರು?

ಮೇಲೆ ಹೇಳಿದ ‘ಆವಕತ್ಲ್’, ‘ಅಗ್ವಕಾತೆ’ಯೇ. ವಕೀಲ ಎಂಬ ಅರ್ಥದ ಹಳೆಯ ಸ್ಪ್ಯಾನಿಷ್ ಪದ ‘ಅವೊಕಾದೊ’ ಕಿವಿಗೆ ಪರಿಚಿತವಿದ್ದದ್ದರಿಂದ ಹಣ್ಣಿನ ಹೆಸರು ಅತ್ತ ವಾಲಿತು. ನಮ್ಮ ‘ಬೆಣ್ಣೆಹಣ್ಣು’ ಎಂಬ ಹೆಸರಿಗೆ ಇಂಥ ಗೊಂದಲವಿಲ್ಲ. ಪಪ್ಪಾಯಿ ಮತ್ತು ಗ್ವಾವ (ನಮ್ಮ ಸೀಬೆ) ಕೂಡ ಕೆರಿಬಿಯನ್ ಕಡೆಯಿಂದ ಸ್ಪ್ಯಾನಿಷ್ ಮೂಲಕ ಬಂದವು. ಪಪ್ಪಾಯಿಗೆ ನಾವು ‘ಪರಂಗಿ ಹಣ್ಣು’ ಎಂದೂ ಹೇಳುತ್ತೇವೆ. ಪರಂಗಿ ಎಂದರೆ ಫರಂಗಿ, ಹಡಗಿನಲ್ಲಿ ಬಂದ ಪರದೇಶದವನು. ಹಣ್ಣು ಯಾರ ಕೈಯಿಂದ ಬಂತೆಂಬುದನ್ನು ಕನ್ನಡ ಹೆಸರಿನಲ್ಲೇ ಕಾದಿಟ್ಟಿದೆ.

ವೆನಿಲಾ?

‘ವಾಯ್ನ’ ಎಂದರೆ ಕತ್ತಿಯ ಒರೆ, ಹಾಗೆಯೇ ಅವರೆ-ತೊಗರಿಯ ಕಾಯಿಯ ಸಿಪ್ಪೆ. ‘ವಾಯ್ನೀಯ’ ಎಂದರೆ ಪುಟ್ಟ ಒರೆ. ಮೆಕ್ಸಿಕೊದ ಈ ಬಳ್ಳಿ ಶಿರಸಿ, ಸಾಗರ, ಪುತ್ತೂರು ಕಡೆಯ ಅಡಿಕೆ ತೋಟಗಳಿಗೆ ಹಬ್ಬಿದ ಕಾಲವನ್ನು ಕಂಡವರು ನೀವೂ ಇರಬಹುದು. ನಾನು ನೋಡಿದ ಒಂದು ತೋಟದಲ್ಲಿ ಬೆಳಗಿನ ಆರೂವರೆಗೇ ಮನೆಮಂದಿಯೆಲ್ಲ ಬಳ್ಳಿಗಳ ಬುಡದಲ್ಲಿದ್ದರು. ಹೂವು ಅರಳಿರುವುದು ಒಂದು ಬೆಳಗು ಮಾತ್ರ. ತೆಂಗಿನ ಗರಿಯ ಕಡ್ಡಿಯನ್ನು ಚೂಪು ಮಾಡಿ, ಹೂವಿನ ತುಟಿಯನ್ನು ಸೀಳಿ, ಒಳಗಿನ ತೆಳು ಪೊರೆಯನ್ನು ಕಡ್ಡಿಯ ತುದಿಯಿಂದ ಮೇಲೆತ್ತಿ, ಹೆಬ್ಬೆರಳಿಂದ ಪರಾಗದ ಗಂಟನ್ನು ಮೆಲ್ಲಗೆ ಒತ್ತುವುದು. ಒಂದು ಹೂವಿಗೆ ಒಂದು ಕಾಯಿ. ಇಲ್ಲಿ ಆ ಕೆಲಸ ಮಾಡುವ ಜೇನುಹುಳವಿಲ್ಲದ್ದರಿಂದ ಮನುಷ್ಯರೇ ಮಾಡಬೇಕು.

ಈ ಕಡ್ಡಿಯ ಉಪಾಯ ಹರಡಿದ್ದು 1841ರಲ್ಲಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗನಿಂದ. ನಮ್ಮಲ್ಲಿ 2003ರ ಹೊತ್ತಿಗೆ ಬೆಲೆ ಆಕಾಶ ಮುಟ್ಟಿತು, ಅದಾದ ಮೇಲೆ ಕುಸಿಯಿತು, ಎಷ್ಟೋ ಮನೆಯವರು ಬಳ್ಳಿ ಕಿತ್ತರು. ಹಣ ಬಂದವರಿಗೂ ಕಳೆದುಕೊಂಡವರಿಗೂ ಆ ಕಡ್ಡಿಯ ಬೆಳಗುಗಳು ಮರೆತಿಲ್ಲ.

ಸ್ಪ್ಯಾನಿಷ್ ಮೂಲಕ ಅರಬ್ಬಿ ಪದಗಳೂ ಬಂದಿವೆಯೇ?

ಬಂದಿವೆ. 711ರಿಂದ 1492ರವರೆಗೆ ಸ್ಪೇನಿನ ಒಂದಲ್ಲ ಒಂದು ಭಾಗ ಮುಸ್ಲಿಂ ಅರಸರ ಆಳ್ವಿಕೆಯಲ್ಲಿತ್ತು. ಕೋಣೆಯ ಒಳಗೂಡಿಗೆ ಹೇಳುವ ‘ಆಲ್‌ಕೋವ್’, ದನದ ಮೇವಿನ ‘ಆಲ್ಫಾಲ್ಫಾ’ಗಳ ತಲೆಯಲ್ಲಿರುವ ‘ಅಲ್’ ಅರಬ್ಬಿಯದು. ಎಲ್ಲಕ್ಕಿಂತ ದೂರದಿಂದ ನಡೆದು ಬಂದ ಪದ ‘ಅಡೋಬಿ’. ಪ್ರಾಚೀನ ಈಜಿಪ್ಟಿನಲ್ಲಿ ಇಟ್ಟಿಗೆಯ ಹೆಸರಾಗಿ ಹುಟ್ಟಿ, ಕಾಪ್ಟಿಕ್ ದಾಟಿ, ಅರಬ್ಬಿಯಲ್ಲಿ ‘ಅತ್-ತೂಬ್’ ಆಗಿ, ಸ್ಪ್ಯಾನಿಷ್‌ನಲ್ಲಿ ‘ಅದೋಬೆ’ ಆಯಿತು. ಅರ್ಥ ಹಸಿ ಇಟ್ಟಿಗೆ, ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಗಟ್ಟಿ. ಸಾಫ್ಟ್‌ವೇರ್ ಕಂಪನಿಗೆ ಆ ಹೆಸರು ಬಂದದ್ದು ಸ್ಥಾಪಕರೊಬ್ಬರ ಕ್ಯಾಲಿಫೋರ್ನಿಯಾದ ಮನೆಯ ಹಿಂದೆ ಹರಿಯುವ ಅಡೋಬಿ ಹಳ್ಳದಿಂದ. ಬೆಂಗಳೂರಿನ ಹುಡುಗ ಹುಡುಗಿಯರು ದಿನವೂ ತೆರೆಯುವ ಪಿಡಿಎಫ್ ತಂತ್ರಾಂಶದ ಹೆಸರಿನೊಳಗೆ ನೈಲ್ ದಡದ ಇಟ್ಟಿಗೆ ಇದೆ.

ಕೌಬಾಯ್ ಸಿನಿಮಾಗಳಲ್ಲಿ ಕೇಳುವ ಪದಗಳು?

ಬಹುಪಾಲು ಸ್ಪ್ಯಾನಿಷ್. ಕುದುರೆ ಏರಿ ದನ ಕಾಯುವ ಕಸುಬನ್ನು ಅಮೆರಿಕನ್ನರು ಕಲಿತದ್ದೇ ಮೆಕ್ಸಿಕೊದ ‘ವಕೇರೊ’ಗಳಿಂದ. ‘ವಾಕ’ ಎಂದರೆ ಹಸು. ಸ್ಪ್ಯಾನಿಷರು ‘ವ’ವನ್ನು ‘ಬ’ದ ಹಾಗೆ ನುಡಿಯುವುದರಿಂದ ಅದು ಇಂಗ್ಲಿಷಿನಲ್ಲಿ ‘ಬಕರೂ’ ಆಯಿತು. ರ‍್ಯಾಂಚ್, ಲಾಸೊ, ಸ್ಟ್ಯಾಂಪೀಡ್, ದನದ ದೊಡ್ಡಿಗೆ ಹೇಳುವ ಕೊರಾಲ್ ಎಲ್ಲ ಅಲ್ಲಿಯವೇ. ‘ರೊದೆಯೊ’ ಎಂದರೆ ಸುತ್ತುವರಿಯುವುದು, ಚೆದುರಿದ ದನಗಳನ್ನು ಒಂದೆಡೆ ಕೂಡಿಸುವುದು. ‘ಮಸ್ಟಾಂಗ್’ ಮೂಲದಲ್ಲಿ ವಾರಸುದಾರರಿಲ್ಲದೆ ಅಲೆಯುವ ಪ್ರಾಣಿ. ಕನ್ನಡದಲ್ಲಿ ಅದಕ್ಕೆ ‘ಬೀಡಾಡಿ’ ಎನ್ನುವುದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಜೈಲಿಗೆ ಹೇಳುವ ‘ಹೂಸ್‌ಗೌ’ ಎಂಬ ವಿಚಿತ್ರ ಪದ ‘ಹುಸ್ಗಾದೊ’, ಅಂದರೆ ನ್ಯಾಯಾಲಯ. ಕೋರ್ಟಿಗೆ ಎಳೆದೊಯ್ದರು ಎಂದರೆ ಒಳಗೆ ಹಾಕಿದರು ಎಂದೇ ಅರ್ಥವಾಗುತ್ತಿದ್ದ ಬಡವರ ಅನುಭವ ಆ ಪದದಲ್ಲಿ ಉಳಿದಿದೆ.

ನಮ್ಮ ಹಳ್ಳಿ ರಸ್ತೆಗಳ ಬೊಲೆರೊ ಗಾಡಿಯ ಹೆಸರೂ ಸ್ಪ್ಯಾನಿಷ್. ಅದು ಒಂದು ನೃತ್ಯ.

ಸ್ಪ್ಯಾನಿಷ್‌ನದು ಯಾವುದು, ಪೋರ್ಚುಗೀಸ್‌ನದು ಯಾವುದು ಎಂದು ಗುರುತಿಸುವುದು ಹೇಗೆ?

ಪದ ಹೊರಟ ಊರು ನೋಡಿ. ಕೆರಿಬಿಯನ್, ಮೆಕ್ಸಿಕೊ, ಪೆರು, ಅಮೆರಿಕದ ಪಶ್ಚಿಮ ಆದರೆ ಸ್ಪ್ಯಾನಿಷ್. ಗೋವೆ, ಮಲಬಾರ್, ಬ್ರೆಜಿಲ್ ಆದರೆ ಪೋರ್ಚುಗೀಸ್. ಮ್ಯಾಂಗೊ ದ್ರಾವಿಡ ಪದ, ಇಂಗ್ಲಿಷಿಗೆ ಒಯ್ದವರು ಪೋರ್ಚುಗೀಸರು. ಕ್ಯಾಶ್ಯೂ ಬ್ರೆಜಿಲ್‌ನ ತುಪಿ ಜನರ ಪದ, ದಾರಿ ಅದೇ. ಕೋಬ್ರಾ ಎಂದರೆ ಪೋರ್ಚುಗೀಸ್‌ನಲ್ಲಿ ಬರೀ ಹಾವು.

‘ಕ್ಯಾಸ್ಟ್ ಸರ್ಟಿಫಿಕೇಟ್’ಗೆ ಸಾಲು ನಿಂತಿರುತ್ತೇವಲ್ಲ, ಆ ‘ಕ್ಯಾಸ್ಟ್’ ಕೂಡ ಹೀಗೆ ಬಂದದ್ದು. ‘ಕಾಸ್ತ’ ಎಂದರೆ ತಳಿ, ವಂಶ. ಎರಡೂ ಭಾಷೆಯಲ್ಲಿದೆ, ನಮ್ಮ ಸಮಾಜಕ್ಕೆ ಹಚ್ಚಿದವರು ಪೋರ್ಚುಗೀಸರು. ಇಂಗ್ಲಿಷಿನ ನೆರವಿಲ್ಲದೆ ನೇರವಾಗಿ ನಮ್ಮ ಮನೆ ಹೊಕ್ಕ ಪೋರ್ಚುಗೀಸ್ ಪದಗಳೂ ಇವೆ: ಪಾದ್ರಿ, ಇಸ್ತ್ರಿ, ಅಲಮಾರು, ಉತ್ತರ ಕರ್ನಾಟಕದ ‘ಪಗಾರ’ ಮತ್ತು ‘ಚಾವಿ’.

ಎಲ್ ನಿನೊ ಎಂದು ಪತ್ರಿಕೆಗಳು ಬರೆಯುವುದು ಏನು?

‘ಎಲ್ ನೀಞೊ’, ಬಾಲಕ. ಇಲ್ಲಿ ಬಾಲಯೇಸು. ಪೆರು ಕರಾವಳಿಯ ಬೆಸ್ತರು ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಸಮುದ್ರ ಬೆಚ್ಚಗಾಗಿ ಮೀನು ಮಾಯವಾಗುವುದನ್ನು ಕಂಡು ಆ ಬಿಸಿ ಪ್ರವಾಹಕ್ಕೆ ಇಟ್ಟ ಹೆಸರು. ಅದರ ಎದುರು ಸ್ಥಿತಿಗೆ ವಿಜ್ಞಾನಿಗಳು ‘ಲಾ ನೀಞ’, ಬಾಲಕಿ, ಎಂದರು. ಶಾಂತಸಾಗರ ಕಾದಾಗ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. 2023ರ ಎಲ್ ನೀಞೊ ವರ್ಷದಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಬೆಸ್ತರ ಪದ ಇಂದು ಹಾವೇರಿಯ ಮೆಕ್ಕೆಜೋಳ ಬೆಳೆಗಾರನ ಬಾಯಲ್ಲಿದೆ.

‘ಗ್ರಿಂಗೊ’ ಎಂದರೆ ‘ಗ್ರೀನ್, ಗೋ’ ಅಂತೆ, ನಿಜವೇ?

ಅಲ್ಲ. 1846ರ ಯುದ್ಧದಲ್ಲಿ ಹಸಿರು ಸಮವಸ್ತ್ರದ ಅಮೆರಿಕನ್ ಸೈನಿಕರಿಗೆ ಮೆಕ್ಸಿಕೊದವರು ‘ಹೋಗಿ’ ಎಂದು ಕೂಗಿದರೆಂಬುದು ಕಟ್ಟುಕಥೆ. ಆ ಯುದ್ಧಕ್ಕೆ ಅರ್ಧ ಶತಮಾನ ಮೊದಲೇ ಸ್ಪೇನಿನ ನಿಘಂಟಿನಲ್ಲಿ, ಸ್ಪ್ಯಾನಿಷ್ ಸರಿಯಾಗಿ ಬಾರದ ಪರದೇಶದವನು ಎಂಬ ಅರ್ಥದಲ್ಲಿ, ಈ ಪದ ದಾಖಲಾಗಿತ್ತು.

ಇಂಗ್ಲಿಷಿಗೆ ಬಂದು ಅರ್ಥ ಬದಲಾದವು ಇವೆಯೇ?

ಬೇಕಾದಷ್ಟು. ‘ಸಾಲ್ಸ’ ಎಂದರೆ ಸ್ಪ್ಯಾನಿಷ್‌ನಲ್ಲಿ ಯಾವುದೇ ಸಾಸ್. ‘ಸೊಂಬ್ರೇರೊ’ ಯಾವುದೇ ಟೋಪಿ, ‘ಸೋಂಬ್ರ’ ಎಂದರೆ ನೆರಳು. ಸ್ಪೇನಿನ ಹೋಟೆಲಿನಲ್ಲಿ ‘ತೊರ್ತೀಯ’ ಕೇಳಿದರೆ ರೊಟ್ಟಿ ಬರುವುದಿಲ್ಲ, ಆಲೂಗಡ್ಡೆ ಹಾಕಿದ ಮೊಟ್ಟೆದೋಸೆ ಬರುತ್ತದೆ. ‘ಎಂಬಾರ್ಗೊ’ ಮೂಲದಲ್ಲಿ ತಡೆ. ‘ಸಿನ್ ಎಂಬಾರ್ಗೊ’, ತಡೆಯಿಲ್ಲದೆ, ಎಂದರೆ ಅವರಿಗೆ ‘ಆದರೂ’.

ಈ ಪದಗಳನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ಹೇಗೆ ನುಡಿಯಬೇಕು?

ಇಂಗ್ಲಿಷಿನಲ್ಲಿ ಬೇರೂರಿದ ಟೊಮೆಟೊ, ಮಾಸ್ಕಿಟೊಗಳನ್ನು ಹಾಗೇ ಬಿಡಿ. ಮೆನುವಿನ ಹೊಸ ಪದಗಳು, ಊರು, ಜನರ ಹೆಸರುಗಳನ್ನು ಸ್ಪ್ಯಾನಿಷ್‌ನಂತೆಯೇ ಬರೆಯುವ ಅನುಕೂಲ ನಮಗಿದೆ, ಅದನ್ನು ಬಳಸಿಕೊಳ್ಳಬೇಕು. ಸ್ಪ್ಯಾನಿಷ್ ‘ತ, ದ’ ನಮ್ಮ ತ, ದಗಳ ಹಾಗೆ ಹಲ್ಲಿಗೆ ತಾಗುವಂಥವು. ಇಂಗ್ಲಿಷರ ಬಾಯಲ್ಲಿ ಅವು ‘ಟ, ಡ’ಕ್ಕೆ ಹತ್ತಿರವಾಗುತ್ತವೆ, ಅವರಿಂದ ಕಲಿತ ನಾವೂ ‘ಟೊರ್ಟಿಲ್ಲಾ’ ಎನ್ನುತ್ತೇವೆ. ಎರಡು ‘ಎಲ್’ ಸೇರಿದರೆ ಹೆಚ್ಚಿನ ಕಡೆ ‘ಯ’. ‘ಜೆ’ ಅಕ್ಷರಕ್ಕೆ ಗಂಟಲಿನ ‘ಹ’. ತಲೆಯ ಮೇಲೆ ಅಲೆಯಿರುವ ‘ಎನ್’ಗೆ, ಶಾಲೆಯಲ್ಲಿ ‘ಚ ಛ ಜ ಝ ಞ’ ಎಂದು ರಾಗವಾಗಿ ಹೇಳಿ ಆಮೇಲೆ ಬಿಡಿಯಾಗಿ ಬರೆಯದೇ ಹೋದ ಆ ‘ಞ’ ಕರಾರುವಾಕ್ಕಾಗಿ ಕೂರುತ್ತದೆ. ಹಾಗಾಗಿ ‘ಜಲಪೆನೊ’ ಅಲ್ಲ, ‘ಹಲಪೇಞೊ’. ಕಣಿವೆಗೆ ಹೇಳುವ ಕ್ಯಾನಿಯನ್ ಕೂಡ ‘ಕಞೋನ್’, ಕೊಳವೆ.

ನನ್ನ ತರಗತಿಯಲ್ಲಿ ‘ಇಂಗ್ಲಿಷ್ ಬರಲ್ಲ’ ಎಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ‘ಞ’ ಕಲಿತ ದಿನ ‘ಎಸ್ಪಾಞ’ ಎಂದು ಸ್ಪೇನಿನ ಹೆಸರನ್ನು ಮೊದಲ ಸಲಕ್ಕೇ ಸರಿಯಾಗಿ ಹೇಳಿದಳು. ಅಂದಿನಿಂದ ಅವಳು ಮುಂದಿನ ಬೆಂಚಿಗೆ ಬಂದಳು.

ಇಂಥ ಪದಗಳು ಈಗಲೂ ಬರುತ್ತಿವೆಯೇ?

ನಮ್ಮ ಹೊಲಕ್ಕೇ ಬಂದಿವೆ. ‘ಕೀನ್ವಾ’ ಕೆಚುವ ಪದ, ಸ್ಪ್ಯಾನಿಷ್ ಕಾಗುಣಿತವನ್ನು ಇಂಗ್ಲಿಷ್ ಕಣ್ಣಿನಿಂದ ಓದಿ ನಾವು ‘ಕ್ವಿನೋವಾ’ ಎನ್ನುತ್ತಿದ್ದೇವೆ. ವಿಶ್ವಸಂಸ್ಥೆ 2013ನ್ನು ಅದರ ವರ್ಷವೆಂದು ಆಚರಿಸಿತು. ‘ಚಿಯಾ’ ನಾವಾತ್ಲ್‌ನ ‘ಚಿಯಾನ್’. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದರ ಕೃಷಿಯನ್ನು ಪರಿಚಯಿಸಿದ ಮೇಲೆ ಎಚ್.ಡಿ. ಕೋಟೆಯ ಕಡೆಯ ರೈತರು ಬೆಳೆಯತೊಡಗಿದರು. ಕೊಳ್ಳುವವರು ಅದನ್ನು ಕಾಮಕಸ್ತೂರಿ ಬೀಜವೆಂದು ತಪ್ಪು ತಿಳಿಯುವುದುಂಟು. ಎರಡನ್ನೂ ಬೇರೆ ಬೇರೆ ಲೋಟದಲ್ಲಿ ನೆನೆಹಾಕಿ ನೋಡಿ: ಕಾಮಕಸ್ತೂರಿ ಐದು ನಿಮಿಷದೊಳಗೆ ಬಿಳಿ ಪೊರೆ ಕಟ್ಟಿಕೊಂಡು ಉಬ್ಬುತ್ತದೆ. ಚಿಯಾ ನಿಧಾನ, ಅರ್ಧ ಗಂಟೆ ಬೇಕು. ಒಣಗಿದ್ದಾಗ ಕಾಮಕಸ್ತೂರಿ ಅಚ್ಚ ಕಪ್ಪು, ಚಿಯಾದ ಮೈಮೇಲೆ ಬೂದು ಬಣ್ಣದ ಚಿತ್ತಾರ.